ನಾನು ಬೆಸುಗೆ ಹಾಕಿದ ಮೈಕು

ನಮ್ಮೂರಿನ ಜನ ಕೆಟ್ಟ ಸಾಮಾನನ್ನು ರಿಪೇರಿಗೆ ಕೊಡುವ ಮುಂಚೆ ಸಾಮಾನಿಗಿಂತ ಹೆಚ್ಚಾಗಿ ರಿಪೇರಿ ಮಾಡುವವನನ್ನು ನೋಡುತ್ತಾರೆ. ಅಂಗಡಿ ಮುಂದಿನ ಬೆಂಚಿನ ಮೇಲೆ ಕೂತು, ಊಟ ಆಯಿತೇ, ಮನೆ ಕಡೆ ಎಲ್ಲ ಹೇಗೆ, ಹೆಂಡತಿ ಜೊತೆ ಮಾತುಕತೆ ನಡೆಯುತ್ತಿದೆಯೋ ನಿಂತಿದೆಯೋ ಎಂದು ಸುತ್ತಿ ಬಳಸಿ ವಿಚಾರಿಸಿ, ಆಮೇಲೆ ಚೀಲದಿಂದ ಮಿಕ್ಸಿಯನ್ನು ಹೊರಗೆ ತೆಗೆಯುತ್ತಾರೆ. ಮಾತಾಡಿಸಿ, ತೆಗೆಯದೆ ಎದ್ದು ಹೋಗುವವರೂ ಇದ್ದಾರೆ. ಅದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ನಮ್ಮೂರಿನಲ್ಲಿ ಯಂತ್ರವನ್ನು ಬಿಚ್ಚಿ ಕೂಡಿಸಿದವನ ಗುಣ ಯಂತ್ರಕ್ಕೆ ಬರುತ್ತದೆ. ಅದನ್ನು ಕೈಗುಣ ಎನ್ನುತ್ತೇವೆ. ಕೊಳಾಯಿ ಕೆಲಸದ ಚೆಲುವರಾಜು ಜುಗ್ಗ. ಅವನು ವಾಷರ್ ಹಾಕಿದ ನಲ್ಲಿಯ ಕೆಳಗೆ ಬಿಂದಿಗೆ ಇಟ್ಟು, ಒಳಗೆ ಹೋಗಿ ಮುದ್ದೆ ತೊಳಸಿ ಉಂಡು ಬಂದರೂ ಬಿಂದಿಗೆ ತುಂಬಿರುವುದಿಲ್ಲ. ಗ್ಯಾರೇಜಿನ ದೇವಯ್ಯ ಜಗಳಗಂಟ. ಅವನ ಕೈ ತಾಗಿದ ಸ್ಕೂಟರು ಯಾರಿಗೂ ಸೈಡು ಕೊಡುವುದಿಲ್ಲ. ಸೈಕಲ್ ಶಾಪಿನ ಖಾದರ್ ಸಾಹೇಬರು ರಿಪೇರಿ ಮಾಡಿದ ಸೈಕಲ್ಲಾದರೆ, ರಸ್ತೆಗೆ ಮಗು ಅಡ್ಡ ಬಂದಾಗ ಸವಾರ ಬ್ರೇಕ್ ಹಿಡಿಯುವುದಕ್ಕೆ ಮುಂಚೆಯೇ ತಾನಾಗಿ ನಿಲ್ಲುತ್ತದೆ.

ಹೆಣ್ಣು ಕೊಡುವವರು ಜಾತಕ ನೋಡುತ್ತಾರೋ ಇಲ್ಲವೋ, ಹುಡುಗನ ಕೈಯಲ್ಲಿ ಏನಾದರೊಂದು ರಿಪೇರಿ ಮಾಡಿಸಿ ನೋಡುವುದಂತೂ ಉಂಟು. ನನಗೆ ನಮ್ಮ ಮಾವನವರು ಒಂದು ಹಳೆಯ ರೇಡಿಯೋ ಕೊಟ್ಟಿದ್ದರು. ಸರಿ ಮಾಡಿ ಕಳಿಸಿದೆ. ಅದು ದಿನವಿಡೀ ಗೊರಗೊರ ಎನ್ನುತ್ತಿದ್ದು, ಮಾವನವರು ನಡುಮನೆಗೆ ಬಂದ ಕೂಡಲೇ ಗಂಟಲು ಸರಿಮಾಡಿಕೊಂಡು ಸ್ಪಷ್ಟವಾಗಿ ಹಾಡುತ್ತಿತ್ತಂತೆ. 'ಹಿರೀಕರಿಗೆ ಮರ್ಯಾದೆ ಕೊಡೋ ಹುಡುಗ' ಎಂದು ಅವರು ಸಂತೋಷಪಟ್ಟು ಹೆಣ್ಣು ಕೊಟ್ಟರು. ಪಂಕಜ ಮಾತ್ರ ಅಡುಗೆಮನೆಯಲ್ಲಿ ಕೂತು ಅದರ ಗೊರಗೊರವನ್ನೇ ಕೇಳಿಸಿಕೊಂಡವಳು. 'ನಂಗೆ ಆಗ್ಲೇ ಅನುಮಾನ ಇತ್ತು' ಎಂದು ಅವಳು ಆಗಾಗ ಹೇಳುತ್ತಿದ್ದಳು. ನಾನು ಅದನ್ನು ತಮಾಷೆ ಎಂದುಕೊಂಡಿದ್ದೆ.

ನಾನು ಸೌಂಡ್ ಮರಿಯಪ್ಪ. ಮೈಕು, ಆಂಪ್ಲಿಫೈಯರ್, ಟಿವಿ, ಮೋಟರು ಎಲ್ಲ ನೋಡುತ್ತೇನೆ. ಕೆಲಸಕ್ಕಿಂತ ಹೆಚ್ಚು ಹೆಸರು ಮಾಡಿದ್ದು ಮಾತಿನಲ್ಲಿ. ಸಂಜೆ ಟೀ ಅಂಗಡಿ ಮಾದೇಗೌಡನ ಒಲೆ ಎದುರು ಕೂತರೆ, ಈಗಿನ ಕಾಲದ ಯಾವ ಯಂತ್ರವೂ ಯಾವ ಪುಢಾರಿಯೂ ನನ್ನ ಬಾಯಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲ. ಮಾತಾಡಿದರೆ ತಿರುಗುವ ಫ್ಯಾನು ಬಂದಿದೆಯಂತೆ, ಗುಂಡಿ ಒತ್ತುವುದಕ್ಕೆ ಬೆರಳಿಗೇನು ಧಾಡಿ ಎಂದು ಕೇಳುತ್ತಿದ್ದೆ. ಪುರಸಭೆಯವರು ದೂರು ಕೊಡಲು ಫೋನಿನಲ್ಲಿ ಒಂದು ಆ್ಯಪು ಮಾಡಿದಾಗ, ಮೊದಲು ಚರಂಡಿ ನಾರುತ್ತಿತ್ತು, ಈಗ ಚರಂಡಿ ನಾರುತ್ತದೆ ಮತ್ತು 'ನಿಮ್ಮ ದೂರನ್ನು ಸ್ವೀಕರಿಸಲಾಗಿದೆ' ಎಂದು ಮೆಸೇಜು ಬರುತ್ತದೆ, ಇಷ್ಟೇ ಪ್ರಗತಿ ಎಂದೆ. ಜನ ನಗುತ್ತಿದ್ದರು. ನಕ್ಕಷ್ಟೂ ನನಗೆ ಮಾತು ಹೆಚ್ಚುತ್ತಿತ್ತು.

ನನ್ನ ದೊಡ್ಡ ಸಿಟ್ಟು ಇದ್ದದ್ದು ಕಂಪನಿಯ ಮೇಲೆ. ಹೋದ ವರ್ಷ ನಮ್ಮೂರಿಗೆ ಬಂದ ಈ ಕಂಪನಿ ಮಾರುವುದೆಲ್ಲ ಸೀಲು ಹಾಕಿದ ಸಾಮಾನು. ಸ್ಕ್ರೂ ಇಲ್ಲ, ಎಲ್ಲವೂ ಅಂಟು. ಕೆಟ್ಟರೆ ಎಸೆದು ಹೊಸದು ತರಬೇಕು. 'ಯಾರ ಕೈಗುಣವೂ ಇಲ್ಲದ ಯಂತ್ರ' ಎಂದು ಅವರ ಬೋರ್ಡಿನಲ್ಲೇ ಬರೆದಿದೆ. ಜನ ಮುಗಿಬಿದ್ದರು. ಅವರನ್ನೂ ತಪ್ಪೆನ್ನುವಂತಿಲ್ಲ. ಚೆಲುವರಾಜುವಿನ ಜುಗ್ಗತನವನ್ನು, ದೇವಯ್ಯನ ಸಿಡುಕನ್ನು ಮನೆಯೊಳಗೆ ಇಟ್ಟುಕೊಂಡು ಸಾಕಾಗಿತ್ತು. ನಾನು ಮಾತ್ರ ಒಲೆ ಎದುರು ಕೂತು ಕೇಳುತ್ತಿದ್ದೆ: ಯಾರ ಕೈಯೂ ಇಲ್ಲದ ಯಂತ್ರ ಕೆಟ್ಟರೆ ಯಾರನ್ನು ಹಿಡಿದು ಬೈಯುತ್ತೀರಿ? ದೇವಯ್ಯನನ್ನಾದರೆ ಮನೆ ಬಾಗಿಲಿಗೆ ಹೋಗಿ ಬೈಯಬಹುದು. ಅಂಟನ್ನು ಬೈಯಲಾಗುತ್ತದೆಯೇ? ಈ ಮಾತನ್ನು ನಾನು ಈಗಲೂ ಸರಿ ಎಂದೇ ತಿಳಿದಿದ್ದೇನೆ. ಮಾತು ಸರಿಯಿತ್ತು. ಆಡಿದವನು ಸರಿಯಿರಲಿಲ್ಲ.

ಅದೇ ದಿನಗಳಲ್ಲಿ ಪಂಕಜ ಒಂದು ಸಲ ಕೇಳಿದಳು, "ಏನ್ರೀ, ದೊಡ್ಡೋರ ಫೋನ್ ಬಂದ್ರೆ ನೀವ್ಯಾಕೆ ಎದ್ ನಿಂತ್ಕೊಂಡ್ ಮಾತಾಡ್ತೀರಾ?"

"ಕೂತ್ರೆ ಸಿಗ್ನಲ್ ಸಿಗಲ್ಲ ಕಣೇ" ಎಂದೆ.

"ನಮ್ಮಣ್ಣ ಮಾಡಿದ್ರೆ ಮಲಗಿದ್ರೂ ಸಿಗುತ್ತಲ್ಲ" ಎಂದಳು. ನಾನು ಟಾರ್ಚು ಹುಡುಕುವವನ ಹಾಗೆ ಆಚೆ ಹೋದೆ.

ಈಗ ಹೊನ್ನಮ್ಮನ ವಿಷಯಕ್ಕೆ ಬರುತ್ತೇನೆ. ಸಂತೆಬೀದಿಯ ಪುರಸಭೆ ಕಟ್ಟಡದಲ್ಲಿ ಹೊನ್ನಮ್ಮನ ಹಿಟ್ಟಿನ ಗಿರಣಿ ಇತ್ತು. ಗಂಡ ಹೋದ ಮೇಲೆ ಅದೊಂದರಿಂದಲೇ ಅವಳ ಸಂಸಾರ ನಡೆಯುತ್ತಿತ್ತು. ಗಿರಣಿಯ ಬೆಲ್ಟು, ಕಲ್ಲು ಎಲ್ಲ ಅವಳೇ ನೋಡಿಕೊಳ್ಳುತ್ತಿದ್ದುದರಿಂದ ಅದಕ್ಕೆ ಅವಳದೇ ಕೈಗುಣ. ಅವಳ ಪದ್ಧತಿ ಎಂದರೆ ಸರದಿ. ಬಂದವರು ತಮ್ಮ ರಾಗಿ ಡಬ್ಬವನ್ನು ಗೋಡೆ ಪಕ್ಕದ ಸಾಲಿನಲ್ಲಿ ಇಟ್ಟು ಹೋಗುತ್ತಾರೆ. ಡಬ್ಬಗಳು ತಾವೇ ಕ್ಯೂ ನಿಂತಿರುತ್ತವೆ. ಪುರಸಭೆ ಅಧ್ಯಕ್ಷ ಜವರಪ್ಪನವರ ಮನೆಯ ಸ್ಟೀಲ್ ಡಬ್ಬ ಕಸ ಗುಡಿಸುವ ಸಣ್ಣಕ್ಕನ ಎಣ್ಣೆ ಡಬ್ಬದ ಹಿಂದೆ ನಿಲ್ಲಬೇಕಾದರೆ ನಿಲ್ಲುತ್ತಿತ್ತು. ಒಂದು ಸಲ ಅಧ್ಯಕ್ಷರ ಮನೆಯ ಆಳು ಸರದಿ ತಪ್ಪಿಸಿ ರಾಗಿ ಸುರಿದನಂತೆ. ಗಿರಣಿ ತಿರುಗಿತು, ಸದ್ದು ಮಾಡಿತು, ಹಿಟ್ಟು ಮಾತ್ರ ಬೀಳಲಿಲ್ಲ. ಅವನ ರಾಗಿಯನ್ನು ಹೊರಗೆ ತೆಗೆದು, ಸರದಿ ಬಂದಾಗ ಹಾಕಿದರೆ ಬಿತ್ತು.

ಕಂಪನಿಗೆ ಆ ಕಟ್ಟಡ ಬೇಕಾಯಿತು. ಬೀದಿಯ ಮೂಲೆ, ಒಳ್ಳೆ ವ್ಯಾಪಾರದ ಜಾಗ. ಸುಮ್ಮನೆ ಬಿಡಿಸಲಾಗದೆ, ಗಿರಣಿಯ ಅದುರಿಗೆ ಕಟ್ಟಡದ ಗೋಡೆ ಬಿರುಕು ಬಿಟ್ಟಿದೆ, ಅಪಾಯ, ಗಿರಣಿ ತೆಗೆಯಬೇಕು ಎಂದು ಪುರಸಭೆ ನೋಟಿಸು ಹಚ್ಚಿತು. ಆಕ್ಷೇಪ ಇದ್ದವರು ಬಂದು ಹೇಳಲಿ ಎಂದು ಒಂದು ಸಭೆ ಕರೆದರು. ಊರಿನಲ್ಲಿ ಮೋಟರು ಬಲ್ಲವನು ನಾನೇ ಆದ್ದರಿಂದ ಗೋಡೆ ನೋಡಿ ಸಭೆಯಲ್ಲಿ ಅಭಿಪ್ರಾಯ ಹೇಳಲು ನನಗೇ ಹೇಳಿದರು.

ಹೋಗಿ ನೋಡಿದೆ. ಗಿರಣಿ ಓಡುತ್ತಿರುವಾಗಲೇ ಗೋಡೆಗೆ ಅಂಗೈ ಒತ್ತಿ ನಿಂತೆ. ಅದುರು ಎನ್ನುವುದೇ ಇರಲಿಲ್ಲ. ಗಿರಣಿಗೆ ಗೋಡೆಯಿಂದ ದೂರದಲ್ಲಿ ಬೇರೆಯೇ ಪಾಯ ಹಾಕಿದ್ದರು. ಹೊರಗೆ ಬಂದು ತಲೆ ಎತ್ತಿ ನೋಡಿದರೆ, ಮಾಳಿಗೆಯ ಅಂಚಿನಲ್ಲಿ ಒಂದು ಅರಳಿ ಗಿಡ ಬೇರು ಬಿಟ್ಟು, ಆ ಬೇರು ಇಳಿದ ದಾರಿಯಲ್ಲೇ ಬಿರುಕೂ ಇಳಿದಿತ್ತು. ಗಿಡ ಕೀಳಬೇಕಾದದ್ದು ಪುರಸಭೆ. ನಾನು ನಕ್ಕುಬಿಟ್ಟೆ.

"ಏನಣ್ಣ?" ಎಂದಳು ಹೊನ್ನಮ್ಮ.

"ನಿನ್ ಗಿರಣಿದೇನೂ ತಪ್ಪಿಲ್ಲ. ಗಿಡದ್ದು. ಸಭೇಲಿ ನಾನೇ ಹೇಳ್ತೀನಿ, ಎಲ್ಲರ ಎದುರಿಗೇ ಹೇಳ್ತೀನಿ."

ಅವಳು ಸೆರಗಿನಿಂದ ಮುಖದ ಹಿಟ್ಟು ಒರೆಸಿಕೊಂಡಳು. "ಹೇಳ್ತೀಯಲ್ಲ ಮರಿಯಣ್ಣ? ಇದೊಂದ್ ಹೋದ್ರೆ ನಂಗೆ ಇನ್ನೇನೂ ಇಲ್ಲ."

"ಹೇಳ್ದೆ ಇರ್ತೀನಾ" ಎಂದೆ. ಹೇಳುವಾಗ ಎದೆ ಉಬ್ಬಿತ್ತು. ಅಂದು ಸಂಜೆ ಮಾದೇಗೌಡನ ಒಲೆ ಎದುರು ಅಧ್ಯಕ್ಷರ, ಕಂಪನಿಯ, ಅರಳಿ ಗಿಡದ ವಂಶವನ್ನೆಲ್ಲ ಜಾಲಾಡಿದೆ.

ಸಭೆಗೆಂದು ಪುರಸಭೆಯ ಮೈಕು ನನ್ನ ಅಂಗಡಿಗೇ ರಿಪೇರಿಗೆ ಬಂತು. ಅದರ ಒಳಗಿನ ಒಂದು ವೈರು ಕಿತ್ತಿತ್ತು. ನಾನೇ ಬೆಸುಗೆ ಹಾಕಿದೆ, ಬಹಳ ಶ್ರದ್ಧೆಯಿಂದ ಹಾಕಿದೆ. ನನ್ನ ಕೈಗುಣದ ಮೈಕು ಸತ್ಯವನ್ನೇ ಆಡುತ್ತದೆ ಎಂದು ಬೆಂಚಿನ ಮೇಲೆ ಕೂತವರಿಗೆ ಹೇಳಿದ್ದು ಈಗಲೂ ನೆನಪಿದೆ. ಒಂದು ಲೆಕ್ಕಕ್ಕೆ ಅದು ಸತ್ಯವನ್ನೇ ಆಡಿತು.

ಸಭೆ ಬೆಳಿಗ್ಗೆ ಶುರುವಾಯಿತು. ಪುರಭವನ ತುಂಬಿತ್ತು. ಮೈಕಿನಲ್ಲಿ ಬಂದ ಮಾತು ಮಾತ್ರ ನಡಾವಳಿಗೆ ಸೇರುತ್ತದೆ ಎಂದು ಕಾರ್ಯದರ್ಶಿ ಮೊದಲೇ ಹೇಳಿದರು. ಅಧ್ಯಕ್ಷ ಜವರಪ್ಪನವರು 'ಹಲೋ' ಎಂದರು. ಆ ಒಂದು ಹಲೋವನ್ನು ಮೈಕು ಎತ್ತಿ, ದುಂಡಗೆ ಮಾಡಿ, ಸಭಾಂಗಣಕ್ಕೆಲ್ಲ ಹಂಚಿತು. ಅವರಿಗೆ ಅಷ್ಟು ಒಳ್ಳೆಯ ಕಂಠವಿದೆ ಎಂದು ಅವರ ಮನೆಯವರಿಗೂ ಗೊತ್ತಿರಲಿಕ್ಕಿಲ್ಲ. ಆಮೇಲೆ ಕಂಪನಿಯ ಮ್ಯಾನೇಜರ್ ಶ್ರೀವತ್ಸ ಮಾತಾಡಿದ. ಅವನಿಗೆ ನೆಗಡಿಯಾಗಿತ್ತು. ಮೈಕಿನಲ್ಲಿ ಅದು ಗೊತ್ತೇ ಆಗಲಿಲ್ಲ. ನಾನು ಹಿಂದಿನ ಸಾಲಿನಲ್ಲಿ ಕೂತು, ನನ್ನ ಕೆಲಸ ಎಷ್ಟು ಚೆನ್ನಾಗಿ ಬಂದಿದೆ ಎಂದು ಮೆಚ್ಚಿಕೊಂಡೆ.

ಹೊನ್ನಮ್ಮ ಎದ್ದಳು. ಗಿರಣಿಯ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅವಳದು ದೊಡ್ಡ ಗಂಟಲು. ಮೈಕಿನ ಮುಂದೆ ಬಾಯಿ ತೆರೆದಳು, ಮೈಕು ಗೊರಗೊರ ಎಂದಿತು. ಇನ್ನೂ ಜೋರಾಗಿ ಹೇಳಿದಳು. ಅದು ಒಂದು ಸಲ ಕೀರಲಾಗಿ ಕೂಗಿ ಪೂರಾ ಸುಮ್ಮನಾಯಿತು. "ಮೈಕಲ್ಲಿ ಬರ್ತಿಲ್ಲಮ್ಮ" ಎಂದರು ಕಾರ್ಯದರ್ಶಿ. ಖಾದರ್ ಸಾಹೇಬರು ಅವಳ ಸಹಾಯಕ್ಕೆ ಹೋಗಿ, "ನಾನ್ ನೋಡ್ತೀನಿ ಇರಮ್ಮ" ಎಂದರು. ಅವರಿಗೂ ಗೊರಗೊರ. ಬಟ್ಟೆ ಅಂಗಡಿಯ ಸಾಹುಕಾರ ಪನ್ನಾಲಾಲರು ಕೂತಲ್ಲಿಂದ ಎದ್ದು ಬಂದು, "ಏನಾಗಿದೆ ಇದಕ್ಕೆ?" ಎಂದು ಬಗ್ಗಿ ಕೇಳಿದ್ದೇ ತಡ, ಆ ಪ್ರಶ್ನೆ ಗಂಟೆ ಹೊಡೆದ ಹಾಗೆ ಸ್ಪಷ್ಟವಾಗಿ ಕೇಳಿಸಿತು.

ಆಗ ಮುಂದಿನ ಸಾಲಿನವರು ಒಬ್ಬೊಬ್ಬರಾಗಿ ಹಿಂದೆ ತಿರುಗಿದರು. ಆಮೇಲೆ ನಡುವಿನ ಸಾಲಿನವರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಮ್ಮೂರಿನಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಪಂಕಜ ಹೆಂಗಸರ ಕಡೆ ಕೂತಿದ್ದಳು, ಅವಳು ಮಾತ್ರ ತಿರುಗಲಿಲ್ಲ. ನಾನು ಎದ್ದು ಹೋಗಿ ವೈರು ಹಿಡಿದು ಅಲ್ಲಾಡಿಸಿ, "ಎಲ್ಲೋ ಲೂಸ್ ಆಗಿರ್ಬೇಕು" ಎಂದೆ.

"ಲೂಸಾಗಿರೋದು ವೈರಲ್ಲ ಬಿಡಪ್ಪ" ಎಂದ ಮಾದೇಗೌಡ, ಅಷ್ಟೇನೂ ಜೋರಾಗಿ ಅಲ್ಲ. ಯಾರೂ ನಗಲಿಲ್ಲ. ನಕ್ಕಿದ್ದರೆ ನಾನೂ ನಕ್ಕು ತಪ್ಪಿಸಿಕೊಳ್ಳುತ್ತಿದ್ದೆ.

ಶ್ರೀವತ್ಸ ಮೆಲ್ಲಗೆ ಎದ್ದು, "ನಮ್ಮದೊಂದು ಮೈಕ್ ಇದೆ ಸಾರ್, ಸೀಲ್ ಕೂಡ ಒಡೆದಿಲ್ಲ. ಅದಕ್ಕೆ ಯಾರ ಕೈಗುಣವೂ ಇಲ್ಲ, ಎಲ್ಲರಿಗೂ ಸಮ" ಎಂದ. ವರ್ಷವೆಲ್ಲ ನಾನು ಬೈದ ಕಂಪನಿಯ ಮೈಕದು. ಆ ಹೊತ್ತಿಗೆ ಆ ಸಭೆಯಲ್ಲಿ ನನ್ನದಕ್ಕಿಂತ ಅದೇ ನಿಯತ್ತಿನದಾಗಿತ್ತು.

ಹೊನ್ನಮ್ಮ ಬೇಡವೆಂದಳು. "ನಿಮ್ ಮೇಲಿನ ದೂರು ನಿಮ್ ಮೈಕಲ್ಲೇ ಹೇಳೋದು ಚೆಂದಾಗಿರಲ್ಲ ಸಾಮಿ." ಆಮೇಲೆ ನನ್ನ ಕಡೆ ತಿರುಗಿ, "ಮರಿಯಣ್ಣ, ಆ ಬೆಸುಗೆ ಕಡ್ಡಿ ತಂದಿದ್ದೀಯಾ? ಯಾವ್ದನ್ನ ಯಾವ್ದಕ್ಕೆ ಸೇರಿಸ್ಬೇಕು ಅಂತ ತೋರ್ಸು. ಹಾಕೋದು ನಾನ್ ಹಾಕ್ತೀನಿ" ಎಂದಳು.

ವೇದಿಕೆಯ ಮೂಲೆಯಲ್ಲಿ, ಊರೆಲ್ಲ ನೋಡುತ್ತಿರುವಾಗ, ನನ್ನ ಬೆಸುಗೆಯನ್ನು ಅವಳು ಕಾಯಿಸಿ ಕಿತ್ತಳು. ನಾನು ಬೆರಳು ತೋರಿಸಿದೆ, ಮುಟ್ಟಲಿಲ್ಲ. ಅವಳಿಗೆ ಅಭ್ಯಾಸವಿರಲಿಲ್ಲ. ಸೀಸ ಗಡ್ಡೆ ಕಟ್ಟಿತು, ಬೆರಳು ಸುಟ್ಟುಕೊಂಡು ಬಾಯಿಗಿಟ್ಟುಕೊಂಡಳು. ಮುಗಿಸಿ ಮೈಕಿನ ಮುಂದೆ ನಿಂತು ಮಾತಾಡಿದಳು. ಅವಳ ದನಿ ಹೇಗಿತ್ತೋ ಹಾಗೆಯೇ ಕೇಳಿಸಿತು. ಜವರಪ್ಪನವರು ನಡುವೆ ಬಾಯಿ ಹಾಕಿ, "ಸಾಕಮ್ಮ, ಅರ್ಥ ಆಯ್ತು" ಎಂದು ತಮ್ಮ ಕಡೆಗೆ ಮೈಕು ಎಳೆದುಕೊಂಡರು. ಮೈಕು ಅವರ ಮಾತನ್ನು ತೆಗೆದುಕೊಳ್ಳಲೇ ಇಲ್ಲ. ಅವರ ತುಟಿ ಅಲ್ಲಾಡುತ್ತಿತ್ತು, ಅಷ್ಟೇ. ಅವಳ ಸರದಿ ಮುಗಿದಿರಲಿಲ್ಲ. ಜನ ಈಗ ನಕ್ಕರು. ಅಧ್ಯಕ್ಷರು ಮೈಕನ್ನು ವಾಪಸು ಕೊಟ್ಟರು.

"ಗಿರಣಿಯಿಂದ ಗೋಡೆ ಬಿರುಕು ಬಿಟ್ಟಿಲ್ಲ. ನಾನ್ ಹೇಳಿದ್ರೆ ನನ್ ಸ್ವಾರ್ಥ ಅಂತೀರಾ. ಪುರಸಭೆಯೋರೇ ಕಳಿಸಿ, ಮರಿಯಣ್ಣ ಬಂದು ನೋಡವ್ನೆ. ಅವನೇ ಹೇಳ್ಲಿ" ಎಂದು ಹೊನ್ನಮ್ಮ ಕೂತಳು.

ಅಷ್ಟೆಲ್ಲ ಆದ ಮೇಲೂ ಅವಳು ನನ್ನನ್ನು ಕರೆದಳು. ನಾನು ಮೈಕಿನ ಮುಂದೆ ಹೋಗಿ ನಿಂತೆ. ಇದೇ ನನಗೆ ಸಿಕ್ಕ ಸಮಯ, ಈಗ ಹೇಳಿಬಿಟ್ಟರೆ ಮೈಕಿನ ಅವಮಾನವೂ ತೊಳೆದು ಹೋಗುತ್ತದೆ ಎಂದುಕೊಂಡೆ. ಹೇಳಬೇಕಾದದ್ದು ಎರಡೇ ಮಾತು: ಗಿರಣಿಯದಲ್ಲ, ಗಿಡದ್ದು. ಬಾಯಿ ತೆರೆದೆ.

"ಸನ್ಮಾನ್ಯ ಅಧ್ಯಕ್ಷರಾದ ಶ್ರೀಯುತ ಜವರಪ್ಪನವರೇ, ಗೌರವಾನ್ವಿತ ಸದಸ್ಯರೇ, ನಮ್ಮ ಊರಿನ ಅಭಿವೃದ್ಧಿಗಾಗಿ ಆಗಮಿಸಿರುವ ಕಂಪನಿಯ ಮಾನ್ಯ ಮ್ಯಾನೇಜರ್ ಅವರೇ" ಎಂದೆ. ನಿಲ್ಲಿಸಬೇಕೆಂದುಕೊಂಡೆ, ನಿಲ್ಲಲಿಲ್ಲ. ಕೈ ತಾನಾಗಿ ಜೋಡಿಸಿಕೊಂಡಿತ್ತು. ಜವರಪ್ಪನವರು ನನ್ನತ್ತ ನೋಡಿ ಸ್ವಲ್ಪ ನಕ್ಕರು. ಕಣ್ಣು ಕೆರಳಿಸಿದ್ದರೂ ಒಂದು ನೆಪ ಸಿಗುತ್ತಿತ್ತು, ಅವರು ಸುಮ್ಮನೆ ನಕ್ಕರು. "ಗೋಡೆಯ ಬಿರುಕಿಗೂ ಗಿರಣಿಗೂ ಸಂಬಂಧ ಇದೆಯೋ ಇಲ್ಲವೋ ಎಂಬುದನ್ನು ಎಲ್ಲ ಕಡೆಯಿಂದಲೂ ಕೂಲಂಕಷವಾಗಿ ಪರಿಶೀಲಿಸಬೇಕಾಗುತ್ತದೆ ಎಂಬುದು ನನ್ನ ವಿನಮ್ರ ಅಭಿಪ್ರಾಯ" ಎಂದೆ.

ಮೈಕು ಅದನ್ನು ಒಂದಕ್ಷರ ಬಿಡದೆ ಕೊನೆಯ ಸಾಲಿಗೆ ಮುಟ್ಟಿಸಿತು. ಗೊರಗೊರ ಇಲ್ಲ, ಕೀರಲು ಇಲ್ಲ. ನನ್ನ ದನಿ ಹೊರಗಿನಿಂದ ಹೇಗೆ ಕೇಳಿಸುತ್ತದೆ ಎಂದು ನನಗೆ ಅಂದೇ ಗೊತ್ತಾದದ್ದು. ಬೆಸುಗೆ ಹೊನ್ನಮ್ಮನದು, ಮಾತು ಮಾತ್ರ ನನ್ನದು. ಯಾರೂ ನನ್ನನ್ನು ಹೆದರಿಸಿರಲಿಲ್ಲ. ಯಾರೂ ನನ್ನ ಕೈ ಬೆಚ್ಚಗೆ ಮಾಡಿರಲಿಲ್ಲ. ಲಂಚವನ್ನಾದರೂ ತಿಂದಿದ್ದರೆ ಕಾರಣವೊಂದು ಇತ್ತು ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ನಾನು ಸುಮ್ಮನೆ, ಪುಕ್ಕಟೆಯಾಗಿ ಬಗ್ಗಿದೆ. ಹೊನ್ನಮ್ಮನ ಕಡೆ ನೋಡಿದೆ. ಅವಳು ಸುಟ್ಟ ಬೆರಳನ್ನು ನೋಡಿಕೊಳ್ಳುತ್ತಿದ್ದಳು.

ಪರಿಶೀಲನೆ ಮುಗಿಯುವವರೆಗೆ ಗಿರಣಿಯನ್ನು ತೆರವು ಮಾಡತಕ್ಕದ್ದು ಎಂದು ತೀರ್ಮಾನವಾಯಿತು. ಪುರಭವನದ ಮೆಟ್ಟಿಲಿಳಿಯುವಾಗ ಮಾದೇಗೌಡ ನನ್ನ ಪಕ್ಕಕ್ಕೆ ಬಂದು, "ಉತ್ತರನ ಪೌರುಷ ಒಲೆ ಮುಂದೆ ಅಂತಾರೆ. ಆ ಒಲೆ ನಂದೇ ಆಗೋಯ್ತಲ್ಲ, ಅದೇ ನಂಗೆ ಬೇಜಾರು" ಎಂದು ಹೇಳಿ ಮುಂದೆ ಹೋದ. ಮನೆಯಲ್ಲಿ ಪಂಕಜ ಊಟಕ್ಕೆ ಬಡಿಸಿದಳು. ರೇಡಿಯೋದ ಮಾತು ಎತ್ತುತ್ತಾಳೆ ಎಂದು ಕಾದೆ, ಎತ್ತಲಿಲ್ಲ. ಅಂದಿನಿಂದ ಅವಳು ಆ ಮಾತು ಆಡಿಯೇ ಇಲ್ಲ. ಅದು ತಮಾಷೆ ಆಗಿರಲಿಲ್ಲ ಎಂದು ನನಗೆ ಗೊತ್ತಾದ ಮೇಲೆ ಆಡುವುದರಲ್ಲಿ ಏನಿದೆ.

ಈಗ ಆ ಕಟ್ಟಡದಲ್ಲಿ ಕಂಪನಿಯ ಗಾಜಿನ ಅಂಗಡಿ ಇದೆ. ಬಿರುಕಿನ ಮೇಲೆ ಬಣ್ಣ ಬಳಿದಿದ್ದಾರೆ. ಅರಳಿ ಗಿಡ ಮಾಳಿಗೆಯಲ್ಲೇ ಇದೆ, ಇನ್ನಷ್ಟು ಚಿಗುರಿದೆ. ಪರಿಶೀಲನೆ ನಡೆಯುತ್ತಲೇ ಇದೆ.

ನನ್ನ ಅಂಗಡಿ ಮುಚ್ಚಿಹೋಗುತ್ತದೆ ಎಂದುಕೊಂಡಿದ್ದೆ. ಆದದ್ದು ಬೇರೆ. ನಮ್ಮೂರಿನವರು ಯಾವ ಗುಣವನ್ನೂ ಹಾಳು ಮಾಡುವವರಲ್ಲ. ಸಭೆಯಾದ ವಾರದಲ್ಲೇ ಪನ್ನಾಲಾಲರು ತಮ್ಮ ಬಾಗಿಲ ಬೆಲ್ಲನ್ನು ಕಳಿಸಿದರು. ಕೆಟ್ಟಿರಲಿಲ್ಲ, 'ಒಂದ್ಸಲ ಬಿಚ್ಚಿ ಕೂಡಿಸಿ ಸಾಕು' ಎಂದರು. ಈಗ ಆ ಬೆಲ್ಲು ದೊಡ್ಡವರು ಒತ್ತಿದರೆ ಕೊಳಲಿನಂತೆ ನುಡಿಯುತ್ತದೆ, ಸಾಲ ಕೇಳಲು ಬಂದವರು ಒತ್ತಿದರೆ ಸುಮ್ಮನಿರುತ್ತದೆ. ಅದನ್ನು ನೋಡಿ ವಕೀಲರು, ಡಾಕ್ಟರು, ಸಿನಿಮಾ ಟಾಕೀಸಿನವರು ಎಲ್ಲ ಕಳಿಸಿದರು. ಬೇಡ ಎನ್ನಬೇಕು ಎಂದು ಪ್ರತಿ ಸಲವೂ ಅಂದುಕೊಳ್ಳುತ್ತೇನೆ. 'ಆಯ್ತು ಸಾರ್' ಎಂದು ಇಟ್ಟುಕೊಳ್ಳುತ್ತೇನೆ. ಬಡವರು ಯಾರೂ ನನ್ನ ಬೆಂಚಿನ ಮೇಲೆ ಕೂತು ಊಟ ಆಯಿತೇ ಎಂದು ಕೇಳುವುದಿಲ್ಲ.

ಹೊನ್ನಮ್ಮ ಮನೆ ಹಿಂದೆ ತಗಡು ಹೊದಿಸಿ ಗಿರಣಿ ಇಟ್ಟುಕೊಂಡಿದ್ದಾಳೆ. ಸಂತೆಬೀದಿಯಿಂದ ದೂರ, ಮೊದಲಿನ ಅರ್ಧದಷ್ಟೂ ಜನ ಬರುವುದಿಲ್ಲ. ಇಷ್ಟು ದಿನ ರಾಗಿ ಬೀಸಿಸಲು ಪಂಕಜಳೇ ಹೋಗುತ್ತಿದ್ದಳು. ಮೊನ್ನೆ ಅವಳು ಡಬ್ಬವನ್ನು ನನ್ನ ಮುಂದಿಟ್ಟು, "ಇವತ್ತು ನೀವ್ ಹೋಗ್ಬನ್ನಿ" ಎಂದಳು.

ಹೋದೆ. ಡಬ್ಬವನ್ನು ಸಾಲಿನ ಕೊನೆಯಲ್ಲಿಟ್ಟು, ಹಿಟ್ಟಿಗೆ ಕಾದಿದ್ದ ಹೆಂಗಸರ ಪಕ್ಕದ ಕಲ್ಲಿನ ಮೇಲೆ ಕೂತೆ. ಹೊನ್ನಮ್ಮ ನನ್ನನ್ನೊಮ್ಮೆ ನೋಡಿ ಗಿರಣಿಯ ಕಡೆ ತಿರುಗಿದಳು. ಬೈದು ಕಳಿಸಿದ್ದರೆ ಒಳ್ಳೆಯದಿತ್ತು ಎನ್ನಿಸಿತು. ಸಣ್ಣಕ್ಕನ ಡಬ್ಬ ಆಯಿತು, ಇನ್ನಾರದೋ ಆಯಿತು. ಸರದಿ ಬಂದಾಗ ನನ್ನ ಡಬ್ಬವನ್ನೂ ಎಲ್ಲರದನ್ನು ಎತ್ತಿದ ಹಾಗೆಯೇ ಎತ್ತಿ ರಾಗಿ ಸುರಿದಳು. ಗಿರಣಿ ಒಂದಿಷ್ಟೂ ಮುನಿಸಿಕೊಳ್ಳದೆ ನಯವಾದ ಹಿಟ್ಟು ಬಿಟ್ಟಿತು. ಗಿರಣಿ ನಿಲ್ಲಿಸಲಿ, ತಪ್ಪಾಯಿತು ಎನ್ನೋಣ, ಇಷ್ಟು ಜನರ ಎದುರಿಗೇ ಎನ್ನೋಣ ಎಂದು ಗಟ್ಟಿ ಮಾಡಿಕೊಂಡೆ.

ಗಿರಣಿ ನಿಂತಿತು. ಅದೇ ಹೊತ್ತಿಗೆ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಜವರಪ್ಪನವರು. "ಏನಯ್ಯ ಮರಿಯಪ್ಪ, ನಮ್ ಮನೆ ಗೇಟಿನ ಬೆಲ್ಲಿಗೂ ನಿನ್ ಕೈ ತಾಗಿಸ್ಬೇಕಲ್ಲಯ್ಯ" ಎಂದರು.

"ಆಯ್ತು ಸಾರ್. ಈಗಲೇ ಬರ್ತೀನಿ ಸಾರ್. ಖಂಡಿತ ಸಾರ್" ಎಂದೆ.

ಫೋನು ಕೆಳಗಿಳಿಸಿದಾಗ ಕಾದಿದ್ದ ಹೆಂಗಸರು ನೆಲ ನೋಡುತ್ತಿದ್ದರು. ಹೊನ್ನಮ್ಮ ನನ್ನ ಡಬ್ಬದ ಮುಚ್ಚಳ ಒತ್ತಿ, ಅಂಟಿದ ಹಿಟ್ಟನ್ನು ಸೆರಗಿನಿಂದ ಒರೆಸಿ, ತಂದು ನನ್ನ ಕಾಲ ಬಳಿ ಇಟ್ಟಳು.

"ಕೂತ್ಕೋ ಮರಿಯಣ್ಣ" ಎಂದಳು. "ಅವ್ರು ಇಲ್ಲಿಲ್ಲ."